ಓದಿ ಹೇಳುವ ಫೋನು

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಬಸ್ ಡ್ರೈವರ್ ತನ್ನ ಸರದಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅಪರಿಚಿತ ತಾಯಿಯೊಬ್ಬಳು ಕೂತಿದ್ದಳು. ಔಷಧಿ ತರಲು ಹೋಗಿದ್ದ ಆಕೆಯ ಮಗಳು ಬರುವ ಹೊತ್ತಿಗೆ ಆಕೆ ಮಾತು ಮುಗಿಸಿ ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು.

“ಯಾರಮ್ಮ ಫೋನಲ್ಲಿ?”

“ನಾವು ಫೋನಲ್ಲೇ ಮಿಕ್ಸಿ ತಗೊಂಡ್ವಲ್ಲ, ಆ ಅಂಗಡಿಯವನಂತೆ. ಮೆಸೇಜಲ್ಲಿ ಆರು ಅಂಕಿ ನಂಬರ್ ಬರುತ್ತೆ, ಹೇಳಿ ಅಂದ.”

“ಅಯ್ಯೋ! ಹೇಳ್ಬಿಟ್ಯಾ?”

“ನಾನೇನು ಅಷ್ಟು ದಡ್ಡಿನಾ? ಯಾರಿಗೂ ಹೇಳ್ಬೇಡ ಅಂತ ನೀನೇ ಅಂದಿದ್ಯಲ್ಲ. ತುಟಿ ಪಿಟಕ್ಕನ್ನಲಿಲ್ಲ.”

“ಸದ್ಯ, ಬದುಕಿದ್ವಿ! ಅವನು ಬೈದನಾ?”

“ಇಲ್ಲಪ್ಪ, ಪಾಪ. ಥ್ಯಾಂಕ್ಸ್ ಅಮ್ಮ ಅಂತ ಹೇಳಿ ಇಟ್ಟ.”

“ಥ್ಯಾಂಕ್ಸಾ? ಯಾತಕ್ಕೆ?”

ಮಗಳು ತಾಯಿಯ ಮಡಿಲಲ್ಲಿದ್ದ ಫೋನಿನತ್ತ ನೋಡಿದಳು.

“ಅಮ್ಮ, ನಿಂಗೆ ಕಣ್ಣು ಕಾಣಲ್ಲ ಅಂತ, ಮೆಸೇಜ್ ಬಂದ್ರೆ ಫೋನೇ ಓದಿ ಹೇಳೋ ಹಾಗೆ ಬೆಳಿಗ್ಗೆ ಮಾಡಿಕೊಟ್ಟಿದ್ದೆ…”

“ಹೂಂ ಕಣೆ, ಅದೇ ಓದ್ತು. ಎರಡು ಸಲ. ನಾನು ಹೇಳಲಿಲ್ಲ.”

“ಸ್ಪೀಕರ್ ಹಾಕಿತ್ತಾ?”

ಅಷ್ಟರಲ್ಲಿ ತಾಯಿಯ ಮಡಿಲಲ್ಲಿದ್ದ ಫೋನು ಗಟ್ಟಿ ದನಿಯಲ್ಲಿ, “ನಿಮ್ಮ ಖಾತೆಯಿಂದ” ಎಂದು ಶುರುಮಾಡಿತು. ಮಗಳು ಗಬಕ್ಕನೆ ಕಿತ್ತುಕೊಂಡು ಅದರ ಬಾಯಿಗೆ ಕೈ ಒತ್ತಿದಳು.

“ಏಳು, ಬ್ಯಾಂಕಿಗೆ ಫೋನ್ ಮಾಡಿ ಎಲ್ಲಾ ನಿಲ್ಲಿಸಬೇಕು. ಇಲ್ಲಿ ಬೇಡ, ಹೊರಗೆ ನಡಿ.”

ತಾಯಿಯ ತೋಳು ಹಿಡಿದು ಮಗಳು ಬಾಗಿಲು ದಾಟಿಸಿದಳು. ಎದುರು ಗೋಡೆಯ ಕಣ್ಣು ಪರೀಕ್ಷೆಯ ಹಲಗೆಯಲ್ಲಿ ಒಂದಕ್ಷರವೂ ಕಾಣದ ಡ್ರೈವರನಿಗೆ ಆ ಆರು ಅಂಕಿ ಮಾತ್ರ ಬಾಯಿಪಾಠವಾಗಿತ್ತು.