ಜೀಪಿನಿಂದ ಇಳಿದ ದಿನ

ಅರಿಜೋನಾ ಮರುಭೂಮಿಯ ಆಹೋ ಊರಿನ ತಿಂಡಿ ಅಂಗಡಿಯಲ್ಲಿ ಬುರಿಟೊಗಾಗಿ ಸರದಿ ನಿಂತಿದ್ದ ನಿವೃತ್ತ ಶಿಕ್ಷಕಿ ಡೀಲಿಯಾ ಮುಂದಿದ್ದ ಇಬ್ಬರ ಮಾತಿಗೆ ಕಿವಿಗೊಟ್ಟಳು. ಹಸಿರು ಸಮವಸ್ತ್ರದವನು ಗಡಿ ಕಾವಲಿನ ಮುಖ್ಯಸ್ಥ ಕಿರೋಸ್; ಜತೆಗಿದ್ದವಳು ಸರ್ಕಾರಿ ವನ್ಯಧಾಮದ ಅಧಿಕಾರಿ ವಿಲ್ಮಾ. ಅವರದು ಹಾವು ಮುಂಗುಸಿಯ ನಂಟೆಂದು ಊರಿಗೇ ಗೊತ್ತಿತ್ತು.

"ನಿಮ್ಮ ಚಿಗರೆ ಮರಿ ಹಾಕಿದೆ ಕಣ್ರೀ. ಒಣಹಳ್ಳದಲ್ಲಿ ಮಲಗಿತ್ತು," ಎಂದ ಕಿರೋಸ್.

"ಜೀಪು ನುಗ್ಗಿಸಿದ್ರಾ?"

"ಇಲ್ಲ, ಇಳಿದೆ. ಗಡಿ ದಾಟಿದವನ ಬೆನ್ನು ಹತ್ತಿದ್ದೆ, ಆದ್ರೂ ಸುತ್ತು ಹಾಕಿ ನಡೆದೇ ಹೋದೆ."

"ನೀವು? ನಡೆದು?"

"ನಗಬೇಡಿ. ನಡೆದಿದ್ದಕ್ಕೇ ಅವನ ಹೆಜ್ಜೆಗುರುತು ಕಣ್ಣಿಗೆ ಬಿತ್ತು. ಪೊದೆ ಕೆಳಗೆ ನೀರಿಲ್ಲದೆ ಬಿದ್ದಿದ್ದ. ಜೀಪಲ್ಲಿದ್ದಿದ್ರೆ ಧೂಳೆಬ್ಬಿಸ್ಕೊಂಡು ಮುಂದೆ ಹೋಗಿರ್ತಿದ್ದೆ."

"ಬದುಕಿದಾನಾ?"

"ಆಸ್ಪತ್ರೇಲಿ ಸೂಪ್ ಕುಡೀತಿದಾನೆ."

"ಸದ್ಯ," ಎಂದಳು ವಿಲ್ಮಾ. "ಮರಿ ಎಷ್ಟು?"

"ಎರಡು."

"ಎರಡಾ? ಹಾಗಾದ್ರೆ ಅವು ಓಡೋವರೆಗೆ ಆ ಹಳ್ಳಕ್ಕೆ ಜೀಪು ಬೇಡ. ಮರಿ ಹಾಕೋ ಕಾಲದಲ್ಲಿ ಜೀಪು ತರಬೇಡಿ ಅಂತ ಮೂರು ವರ್ಷದಿಂದ ಕೇಳ್ತಿದೀನಿ."

"ಆಯ್ತು, ನಮ್ಮ ಹುಡುಗರನ್ನ ಕುದುರೆ ಮೇಲೆ ಕಳಿಸ್ತೀನಿ. ಕಾವಲು ಮಾತ್ರ ಬಿಡಲ್ಲ."

"ಬಿಡಿ ಅಂತ ನಾನ್ಯಾವತ್ತು ಹೇಳಿದೆ? ನಡೀರಿ, ದೂರದಿಂದಲೇ ದುರ್ಬೀನಲ್ಲಿ ತೋರಿಸಿ."

"ತಿಂಡಿ?"

"ಬಂದು ತಿನ್ನೋಣ."

ಇಬ್ಬರೂ ಸರದಿ ಬಿಟ್ಟು ಹೊರಟರು. ಡೀಲಿಯಾ ಕಿಟಕಿಯಿಂದ ಇಣುಕಿದಳು. ಅವರು ಒಂದೇ ಗಾಡಿ ಹತ್ತಿದರು.