ಮಾಳವ್ವಗ ಮೊದಲ ಹಚ್ಚರಿ

ದೀಪ ಸಣ್ಣ ಮಾಡವ್ವಾ... ಕೌದಿ ಹೊದಕೊಂಡು ಹತ್ತಿರ ಸರೀರಿ, ಮಕ್ಕಳಾ. ನಡುವ ಯಾರೂ ಬಾಯಿ ಹಾಕಬ್ಯಾಡ್ರಿ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಅತ್ತಿಯ ತವರು ಜಕ್ಕಲಿ. ಅವರ ಬಾಜೂಮನಿ ಗೌಡಸಾನಿ ನೀಲವ್ವಗ ಆದದ್ದು, ನರಗುಂದದಾಗ ದಂಗೆ ಏಳೂದಕ್ಕ ಸ್ವಲ್ಪ ಮೊದಲು.

ಕತ್ತಲಾಗಿತ್ತು. ನೀಲವ್ವ ಒಬ್ಬಾಕಿನ ನರೇಗಲ್ಲಿನಿಂದ ಜಕ್ಕಲಿಗೆ ನಡಕೋತ ಹೊಂಟಿದ್ದಳು. ಗುರುತು ಸಿಗಬಾರದಂತ ಹಳೇ ಸೀರಿ ಸುತಗೊಂಡಿದ್ದಳು. ಎದಿಯಾಗ ಒಂದು ಗಂಟು... ಅಡಿಕಿಯಷ್ಟಿದ್ದದ್ದು ಲಿಂಬಿಹಣ್ಣಿನಷ್ಟು ಆಗಿತ್ತು. ಗಂಡ ಗುರುಸಂಗಪ್ಪಗೂ ಹೇಳಿರಲಿಲ್ಲ.

ನರೇಗಲ್ಲಿನ ವೈದ್ಯ ಹಾಲಸಿದ್ದಪ್ಪ ಇಂಥ ಗಂಟಿಗೇ ಹೆಸರಾದಾವ. ಅವನ ಹಿತ್ತಲ ಕೊಟ್ಟಿಗ್ಯಾಗ ಹತ್ತೂರ ರೋಗಿಗಳು ಮಲಗತಿದ್ದರು. ಬಾಯಿಹುಣ್ಣಿನವರು, ಕೊರಳಗಂಟಿನವರು... ಒಬ್ಬೊಬ್ಬರಿಗೆ ಒಂದೊಂದು ಪಾಷಾಣದ ಲೇಪ ಹಚ್ಚಿ, ಯಾರು ಉಳೀತಾರ, ಯಾರು ಹೋಗತಾರ ಅಂತ ನೋಡಕೋತ ಕೂಡತಿದ್ದ.

ನೀಲವ್ವನ ಮನಿ ಕೂಲಿಯಾಕಿ ಮಾಳವ್ವಗೂ ಅಂಥದೇ ಗಂಟು ಇತ್ತು. ಅದು ಗೊತ್ತಾದ ಕೂಡಲೆ ನೀಲವ್ವ ವೈದ್ಯಗ ಹೇಳಿದ್ದಳು, "ಮಾಳವ್ವಗ ಮೊದಲ ಹಚ್ಚರಿ. ಚಲೋ ಎತ್ತಿಗೆ ಹಾಕೂ ಮದ್ದು ಬಡಕಲ ಎತ್ತಿಗೆ ಹಾಕಿ ನೋಡೂದಿಲ್ಲೇನು?"

ವೈದ್ಯ ನಕ್ಕಿದ್ದ. "ಗೌಡಸಾನಿ, ನೀವು ನನಗಿಂತ ಶಾಣ್ಯಾ ವೈದ್ಯರು ಬಿಡ್ರಿ."

ಆ ದಿನ ಸಂಜಿಗೆ ಅವ ಲೇಪದ ಕರಡಿಗಿ ನೀಲವ್ವನ ಕೈಯಾಗ ಇಟ್ಟಿದ್ದ. "ಮಾಳವ್ವಗ ಗುಣ ಆತ್ರಿ. ತವರಿಗೆ ಹೋದಳು. ರಾತ್ರಿನ ಹಚಗೋರಿ. ಕಟ್ಟಿದ ಮ್ಯಾಲ ಶಿವಾ ಬಂದರೂ ಬಿಚ್ಚಬ್ಯಾಡ್ರಿ, ನಂಜು ಒಳಗ ಇಳೀತೈತಿ."

"ಆಕಿನ್ನ ಕಣ್ಣಾರೆ ನೋಡದ ನಾ ಹಚ್ಚಾಕಿ ಅಲ್ಲ," ಅಂದು ನೀಲವ್ವ ಕರಡಿಗಿ ಸೆರಗಿನಾಗ ಕಟಗೊಂಡು ಎದ್ದು ಬಂದಿದ್ದಳು.

ಆಲದ ಮರದ ಬಾವಿ ಬಂತು. ಕಿರ್ರ್... ಕಿರ್ರ್... ಗಡಗಡಿ ತಿರಗತಿತ್ತು. ಕೊಡ ನೀರಿಗೆ ಬಿದ್ದ ಸಪ್ಪಳ ಮಾತ್ರ ಇಲ್ಲ.

"ಯಾರದು?"

"ನಾನ್ರಿ ಅವ್ವಾರ... ಮಾಳಿ."

ನೀಲವ್ವಗ ಹೋದ ಜೀವ ಬಂದಂಗಾತು. ಪಿಸುಗುಟ್ಟಿದಳು, "ಗಂಟು?"

"ಉದರಿತ್ರಿ."

ಮಾಳವ್ವ ಸೆರಗು ಸರಿಸಿದಳು. ಬೆಳದಿಂಗಳಾಗ ಆಕಿ ಎದಿ... ತೊಳದಿಟ್ಟ ಹಲಗಿ ಹಂಗ ಸಪಾಟ.

"ಭಾಳ ಉರೀತೇನ?"

"ಈಗ ಏನೂ ಉರಿಯಂಗಿಲ್ರಿ. ಹಚಗೋರಿ ಅವ್ವಾರ. ನನಗ ಮೊದಲ ಹಚ್ಚಿಸಿದಿರಿ... ಮರೀಲಿ ಹ್ಯಾಂಗ?"

ಕಿರ್ರ್... ಕಿರ್ರ್...

ನೀಲವ್ವ ಓಡಕೋತ ಮನಿ ಮುಟ್ಟಿದಳು. ಬಾಗಲ ಹಾಕ್ಕೊಂಡು ಲೇಪ ಹಚ್ಚಿ, ಬಿಗಿಯಾಗಿ ಅರಿವಿ ಕಟ್ಟಿದಳು. ನಡುರಾತ್ರಿಗೆ ಉರಿ ತಡೀಲಾರದ ಸೆರಗು ಕಚ್ಚಿದ್ದಳು. "ಆಕಿದು ಉದರೇತಲ್ಲ... ನನ್ನದೂ ಉದರತೈತಿ..."

ಬೆಳಿಗ್ಗೆ ಬಾಗಲಾಗ ಮಾಳವ್ವನ ಮಗಳು ಶಂಕ್ರವ್ವ ನಿಂತಿದ್ದಳು.

"ಅವ್ವಾರ, ನಮ್ಮವ್ವನ ದಿನಕ್ಕ ಒಂದು ಸೀರಿ ಕೊಡ್ರಿ."

"ಯಾವ ದಿನ?"

"ಸತ್ತು ವಾರ ಆಗಾಕ ಬಂತ್ರಿ. ಉರಿ, ಉರಿ ಅಂತ ಒದರಿ ಒದರಿ ಸತ್ತಳು. ಯಾರಿಗೂ ಹೇಳಬಾರದಂತ ವೈದ್ಯ ನನ್ನ ಕೂಡಿ ಹಾಕಿದ್ದ. ನಿನ್ನೆ ನೀವು ಲೇಪ ಒಯ್ದ ಮ್ಯಾಲ ಬಿಟ್ಟ."

ನೀಲವ್ವನ ಕೈ ಎದಿಗೆ ಹೋತು... ಬಿಚ್ಚಿದರೂ ಸಾವು, ಬಿಚ್ಚದಿದ್ದರೂ ಸಾವು. ಕೈ ಅಲ್ಲೇ ನಿಂತಿತು. ಬಿಚ್ಚಲಿಲ್ಲ.

ಅಮಾಸಿ ಬರೂದರೊಳಗ ಹೋದಳು. ಗುರುಸಂಗಪ್ಪ ವರ್ಷದೊಳಗ ಬ್ಯಾರೆ ಲಗ್ನ ಆದ. ಶಂಕ್ರವ್ವ ಅದೇ ಮನ್ಯಾಗ ಕಸಾ ಉಡುಗಿ ಮುದುಕಿ ಆದಳು. ಹಾಲಸಿದ್ದಪ್ಪಗ? ಏನೂ ಆಗಲಿಲ್ಲ. "ಗೌಡಸಾನಿ ಲಗೂ ಬಿಚ್ಚಿದಳು, ಅದಕ್ಕ ಹೋದಳು," ಅಂದ. ಮುಂದ ಪಾಷಾಣ ಅರ್ಧ ಕಡಿಮಿ ಮಾಡಿದ. ಆಮ್ಯಾಲ ಬಂದವರೊಳಗ ಕೆಲವರು ಉಳದರು, ಖರೇ.

ನೀಲವ್ವನ ಮೈ ತೊಳದಾಕಿ ನಮ್ಮ ಅತ್ತಿಯ ಅಜ್ಜಿ ಕಲ್ಲವ್ವ. ಸುಳ್ಳು ಹೇಳೂ ಹೆಂಗಸಲ್ಲ. ದೀಪ ಮುಟ್ಟಿ ಹೇಳತಿದ್ದಳಂತ... ಎದಿಗೆ ಕಟ್ಟಿದ ಅರಿವಿ ಬಿಚ್ಚಿದಾಗ ಗಂಟು ಉದರಿ ಬಿದ್ದಿತ್ತು. ನೀಲವ್ವಗ ಇದ್ದದ್ದು ಒಂದ ಗಂಟು.

ಅರಿವ್ಯಾಗ ಎರಡು ಇದ್ದವು.