ನೂರನಲವತ್ತು ಕಂಪ್ಯೂಟರಿಗೆ ಹೋದ ಹಳೇ ವಿಳಾಸ

ಮಾನ್ಯ ನಿರ್ದೇಶಕರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಇವತ್ತು ನಮ್ಮನ್ನು ಬಿಟ್ಟು ಹೊರಟಿರುವ ಎಂಜಿನಿಯರ್ ಮೇಡಂ ಅವರೇ, ಡ್ಯೂಟಿ ನಡುವೆಯೂ ಬಂದು ಕೂತಿರುವ ಸಭಿಕರೇ,

ಎರಡು ಒಳ್ಳೆಯ ಮಾತಾಡಿ ಎಂದು ನನಗೆ ಅಪ್ಪಣೆಯಾಗಿದೆ. ಈ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಇಪ್ಪತ್ತೊಂದು ವರ್ಷ, ಇವರಿಗೆ ಹನ್ನೊಂದು ತಿಂಗಳು. ಆದರೂ ಸಭಾಂಗಣ ತುಂಬಿದೆ! ನನ್ನ ಇಪ್ಪತ್ತನೇ ವರ್ಷಕ್ಕೆ ಒಂದು ಗೋಡೆ ಗಡಿಯಾರ ಬಂದಿತ್ತು, ಅದನ್ನೂ ಯಾರೋ ಮೇಜಿನ ಮೇಲಿಟ್ಟು ಹೋಗಿದ್ದರು. ಇರಲಿ.

ಹಿಂದೆ ಪ್ರತಿ ಕಂಪ್ಯೂಟರನ್ನೂ ನಾನೇ ಕೂತು ಸಿದ್ಧ ಮಾಡುತ್ತಿದ್ದೆ, ನಾನೇ ಹೆಸರಿಡುತ್ತಿದ್ದೆ. 'ಔಷಧಿ-ಎಡಕಿಟಕಿ', 'ಎಕ್ಸ್‌ರೇ-ಅಕ್ಕ'. ಹೆಸರು ಕೇಳಿದರೆ ಸಾಕು, ಯಾವ ಕೋಣೆ, ಯಾವ ಕುರ್ಚಿ ಎಂದು ಹೇಳುತ್ತಿದ್ದೆ. ನೂರನಲವತ್ತು ಯಂತ್ರಕ್ಕೆ ಎರಡು ತಿಂಗಳು ಹಿಡಿಯುತ್ತಿತ್ತು. ಹಿಡಿಯಲಿ, ಏನೀಗ? ಮೇಡಂ ಬಂದರು. ಒಂದೇ ಒಂದನ್ನು ಸಿದ್ಧಪಡಿಸಿ, ಅದರ ಪಡಿಯಚ್ಚು ತೆಗೆದು, ಒಂದೇ ಬೆಳಗಿನಲ್ಲಿ ಹತ್ತಕ್ಕೆ ಹಾಕಿ ತೋರಿಸಿದರು. ಪ್ರತಿಯೊಂದೂ ತನ್ನೊಳಗಿನ ಕ್ರಮಸಂಖ್ಯೆ ಓದಿಕೊಂಡು ತಾನೇ ಹೆಸರಿಟ್ಟುಕೊಂಡಿತು. ನಿರ್ದೇಶಕರು ಎಲ್ಲರೆದುರು, "ಇಷ್ಟು ವರ್ಷ ಇದ್ಯಾಕೆ ಆಗಲಿಲ್ಲ?" ಎಂದರು. ನನ್ನ ಕಡೆ ನೋಡಲಿಲ್ಲ, ಅದು ನಿಜ.

ಅವತ್ತಿನಿಂದ ಊಟ ಸೇರಲಿಲ್ಲ. ಬಿಪಿ ಇರಬೇಕು ಎಂದೆ. "ಅದಕ್ಕೆ ಬಿಪಿ ಅನ್ನಲ್ಲ ಕಣ್ರೀ, ಹೊಟ್ಟೆಕಿಚ್ಚು ಅಂತಾರೆ," ಎಂದಳು ಮನೆಯವಳು.

ಶನಿವಾರ, ಭಾನುವಾರ ಆ ಹತ್ತೂ ಸೇರಿ ಎಲ್ಲಕ್ಕೂ ಹೊಸದಾಗಿ ಪಡಿಯಚ್ಚು ಹಾಕುವುದೆಂದಾಯಿತು. ಸೋಮವಾರ ಬೆಳಗ್ಗೆ ಹಳೇ ಸರ್ವರ್ ಆಫ್ ಮಾಡಿ ಹೊಸದಕ್ಕೆ ಹೋಗುವುದು. ಆ ಸೋಮವಾರ ನಿಮಗೆಲ್ಲ ನೆನಪಿದೆ. ಕಂಪ್ಯೂಟರಿಗೆ ದಾರಿ ಹೇಳುವುದು ಸರ್ವರಿನಲ್ಲಿರುವ ಡಿಎನ್‌ಎಸ್. ನಮ್ಮವೆಲ್ಲ ಆಫ್ ಆಗಿದ್ದ ಹಳೇ ಸರ್ವರನ್ನೇ ದಾರಿ ಕೇಳುತ್ತ ನಿಂತವು. ಹೊರರೋಗಿಗಳ ಸಾಲು ಗೇಟಿನವರೆಗೆ ಬಂತು. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನನ್ನು ಕರೆಯಲು ಬಂದೇ ಬರುತ್ತಾರೆ ಎಂದು ಕಾಯುತ್ತಿದ್ದೆ. ಯಾಕೆಂದರೆ ಆ ಹಳೇ ಸರ್ವರಿನ ವಿಳಾಸ ಪಡಿಯಚ್ಚಿನ ಮೂಲಪ್ರತಿಯೊಳಗೆ ಉಳಿದಿದೆ ಎಂದು ನನಗೆ ಶುಕ್ರವಾರವೇ ಗೊತ್ತಿತ್ತಲ್ಲ.

...

ಅಂದುಬಿಟ್ಟೆ. ಚೀಟಿಯಲ್ಲಿ ಇದನ್ನು ಬರೆದುಕೊಂಡಿರಲಿಲ್ಲ.

ಹೌದು, ಒಂದು ಪ್ರಿಂಟರ್ ಪರೀಕ್ಷಿಸಲು ಅದನ್ನು ಕೈಯಾರೆ ಹಾಕಿದವನು ನಾನು. ತೆಗೆಯಲು ಮರೆತೆ. ಶುಕ್ರವಾರ ಮಧ್ಯಾಹ್ನ ನೆನಪಾಯಿತು. ಎದುರಿನ ಮೇಜಿನಲ್ಲೇ ಮೇಡಂ ಇದ್ದರು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ.

ನನ್ನನ್ನು ಯಾರೂ ಕರೆಯಲಿಲ್ಲ. ಇವರೇ ಹೊಸ ಸರ್ವರಿಗೆ ಆ ಹಳೇ ವಿಳಾಸವನ್ನೂ ಕೊಟ್ಟು, ನಲವತ್ತು ನಿಮಿಷದಲ್ಲಿ ಎಲ್ಲ ಸರಿಮಾಡಿದರು. ನನಗೆ ಹೊಳೆಯದ ಉಪಾಯ! ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಸರ್, ಆ ವಿಳಾಸ ನೀವು ಹಾಕಿದ್ರಾ?" ಎಂದರು. ನಾನು ಇಲ್ಲ ಎಂದೆ. ಯಾರ ಹೆಸರಿನಲ್ಲಿ ಬದಲಾವಣೆಯಾಗಿದೆ ಎಂದು ಅವರು ಕಂಪ್ಯೂಟರಿನ ದಾಖಲೆಯಲ್ಲಿ ಆಗಲೇ ನೋಡಿಕೊಂಡಿದ್ದರು. ಆದರೂ ನಿರ್ದೇಶಕರಿಗೆ, "ಪ್ರತಿ ತೆಗೆಯೋ ಮುಂಚೆ ನಾನು ನೋಡಬೇಕಿತ್ತು, ತಪ್ಪು ನಂದು," ಎಂದರು. ಸಭಿಕರೇ, ಅವರ ಜಾಣತನಕ್ಕಿಂತ ಆ ಮಾತಿಗೆ ನನ್ನ ಹೊಟ್ಟೆ ಹೆಚ್ಚು ಉರಿಯಿತು. ಈಗಲೂ ಉರಿಯುತ್ತಿದೆ.

ನಿರ್ದೇಶಕರೇ, ಆ ತಪ್ಪನ್ನು ಕಾರಣವಾಗಿ ಬರೆದೇ ಇವರ ಗುತ್ತಿಗೆ ಮುಂದುವರಿಸಿಲ್ಲ. ಆ ಕಡತದಲ್ಲಿ ಇವರ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಮೇಡಂ, ಈ ಹಾರ ನಾನು ಹಾಕಲಾರೆ, ನೀವು ಹೋಗುವುದಿಲ್ಲ.

ಕೇಳಿಸಿಕೊಂಡಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ನಾನು ನಿರ್ದೇಶಕರ ಕೋಣೆಯ ಹೊರಗೆ ಕೂತಿರುತ್ತೇನೆ. ನಮಸ್ಕಾರ.